ಮೂವರ ಟೆಂಟು

“ನಿನ್ನ ಕರಕೊಂಡು ಬರ್ತೀನಿ ಪೂರ್ಣಿ. ನೀ, ನಾ, ಕೂಸು. ಮೂರಽ ಮಂದಿ. ಇದಽ ಹೊಳಿ ದಂಡಿಗೆ ಟೆಂಟ್ ಹಾಕಿ ಇರೂಣು.”

ಅಮರ ಈ ಮಾತು ಕೊಟ್ಟು ಹದಿನಾರು ವರ್ಷವಾಯಿತು. ಕೊಟ್ಟದ್ದು ಫೋನಿನಲ್ಲಿ. ಅವನಿದ್ದದ್ದು ಜರ್ಮನಿಯ ರೇಗನ್ಸ್‌ಬುರ್ಗ್ ಎಂಬ ಹಳೆಯ ಪಟ್ಟಣದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯಲ್ಲಿ. ಪೂರ್ಣಿಮಾ ಇದ್ದದ್ದು ಖಾನಾಪುರದ ತವರುಮನೆಯಲ್ಲಿ, ಬಾಣಂತಿಯ ಹೊರಸಿನ ಮೇಲೆ. ಮಗಳು ಸಾಕ್ಷಿ ಹುಟ್ಟಿ ಇನ್ನೂ ವಾರ ತುಂಬಿರಲಿಲ್ಲ. ಹೊರಸಿನ ಕೆಳಗೆ ಕೆಂಡದ ಶೇಗಡಿ, ಕಿವಿಗೆ ಬಿಗಿದು ಕಟ್ಟಿದ ಅರಿವೆ, ಮೈತುಂಬ ಬೆವರು. ಫೋನು ಕೇಳಿಸಲೆಂದು ಅರಿವೆ ಸಡಿಲಿಸಿದರೆ ತಾಯಿ ಸಾತವ್ವ ಬಾಗಿಲಲ್ಲೇ ಗದರಿದ್ದಳು: “ಕಿವ್ಯಾಗ ಗಾಳಿ ಹೊಕ್ಕರ ನಿನ್ನ ಗಂಡ ಜರ್ಮನಿಯಿಂದ ಔಷಧ ಕಳಸ್ತಾನೇನು?”

ಹೆರಿಗೆಯ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಹೋದವನು ಬಂದಿರಲಿಲ್ಲ. ಅವನು ಕೆಲಸಕ್ಕಿದ್ದ, ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯವರು ಹೊಸ ಯಂತ್ರದ ತರಬೇತಿಗೆಂದು ಕಳಿಸಿದ್ದರು. ಇನ್ನೊಂದು ತಿಂಗಳು ಇರುತ್ತೀಯಾ ಎಂದು ಕೇಳಿದರು. ಅಮರ ಹೂಂ ಅಂದ. ಅವನಿಗೆ ‘ಇಲ್ಲ’ ಎಂಬ ಶಬ್ದ ಬಾಯಿಗೆ ಬರುವುದಿಲ್ಲ, ಹೆಂಡತಿಯ ಮುಂದೆ ಒಂದು ಬಿಟ್ಟು. ಆ ತಪ್ಪಿಗೆ ದಂಡವೆಂಬಂತೆ ಕೊಟ್ಟ ಮಾತು ಅದು. “ನೀರಿನ ಸಪ್ಪಳ ಕೇಳತೈತೇನು?” ಎಂದು ಅವನು ಫೋನನ್ನು ಹೊಳೆಯ ಕಡೆ ಹಿಡಿದ. ಕೇಳಿಸಿದ್ದು ಬರೀ ಗೊರಗೊರ. “ಕೇಳತೈತ್ರಿ” ಅಂದಳು ಪೂರ್ಣಿಮಾ.

ಮಾತು ಕೊಟ್ಟವರು ಮರೆಯುತ್ತಾರೆ, ಇಸಗೊಂಡವರು ಮರೆಯುವುದಿಲ್ಲ. ಮೊದಲು ಮೈದುನ ಅನಿಕೇತನ ಮದುವೆ ಬಂತು. ಆಮೇಲೆ ಅಣ್ಣ ತಮ್ಮ ಕೂಡಿ ಬೆಳಗಾವಿಯಲ್ಲಿ ಬೇರಿಂಗ್ ಅಂಗಡಿ ಹಾಕಿದರು, ಅಮರ ಕಾರ್ಖಾನೆ ಬಿಟ್ಟ. ಆಮೇಲೆ ಮಾವನ ಆಪರೇಶನ್, ಮಾವನ ದಿನಕರ್ಮ, ಮನೆಯ ಮೇಲೊಂದು ಮಾಳಿಗೆ, ಅದು ಮುಗಿಯುವಷ್ಟರಲ್ಲಿ ಕೊರೋನಾ. ಬೇಸಿಗೆ ಬಂತೆಂದರೆ ಪೂರ್ಣಿಮಾ ಕೇಳುತ್ತಿದ್ದಳು. ಅಮರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ “ನೋಡೂಣಲ್ಲ” ಅನ್ನುತ್ತಿದ್ದ. ಆ ‘ನೋಡೂಣಲ್ಲ’ದಲ್ಲಿ ಸಾಕ್ಷಿ ಹಲ್ಲು ಬಿದ್ದು, ಹಲ್ಲು ಬಂದು, ಹತ್ತನೆಯ ಇಯತ್ತೆಗೆ ಏರಿದಳು.

ಈ ವರ್ಷ ಪೂರ್ಣಿಮಾ ಕೇಳುವುದನ್ನು ಬಿಟ್ಟಳು. ಕೇಳುವ ಬದಲು ಮಾಡತೊಡಗಿದಳು. ಗಂಡ ಬಿಟ್ಟ ಕಾರ್ಖಾನೆಯ ತಪಾಸಣೆ ವಿಭಾಗದಲ್ಲೇ ಅವಳ ನೌಕರಿ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಕಾರ್ಖಾನೆಯ ಬಸ್ಸು ಹಿಡಿದು, ಸಂಜೆ ಬಂದು ಮತ್ತೆ ಒಲೆಯ ಮುಂದೆ ನಿಲ್ಲುವ ಹೆಂಗಸಿಗೆ ತನ್ನದು ಎಂಬ ಹೊತ್ತು ಇದ್ದರೆ ಅದು ಊಟದ ಬಿಡುವು. ಆ ಬಿಡುವಿನಲ್ಲಿ ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಫೋನು ಹಿಡಿದು ರೇಗನ್ಸ್‌ಬುರ್ಗನ್ನು ಓಣಿ ಓಣಿ ತಿರುಗಿದಳು. ಒಂಬೈನೂರು ವರ್ಷದ ಹಿಂದಿನ ಕಲ್ಲಿನ ಸೇತುವೆ ಎಲ್ಲಿ, ಜೋಡಿ ಗೋಪುರದ ಚರ್ಚು ಎಲ್ಲಿ, ಹೊಳೆಯ ಗುಂಟ ಸೈಕಲ್ಲಿನ ದಾರಿ ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಯಿತು. ಊರ ಹೊರಗೆ ದಂಡೆಯ ಮೇಲೆ ಟೆಂಟು ಹಾಕುವ ಒಂದು ಬಯಲು ಸಿಕ್ಕಿತು. ಅದರ ಮಾಲಕಿ ಒಬ್ಬ ಮುದುಕಿ. ಪತ್ರ ಬರೆದರೆ ಮಾರನೆಯ ದಿನವೇ ಉತ್ತರ ಬರುತ್ತಿತ್ತು, ಅದೂ ಚುಟುಕಾಗಿ: ಹೊಳೆಯ ಪಕ್ಕದ ಜಾಗ ಬೇಕೋ, ಮರದ ಕೆಳಗಿನದೋ? ನಾಯಿ ಇದೆಯೋ? ಮೇ ತಿಂಗಳಲ್ಲಿ ರಾತ್ರಿ ಥಂಡಿ ಇರುತ್ತದೆ, ದಪ್ಪ ಬಟ್ಟೆ ತನ್ನಿ. ಮಧ್ಯಾಹ್ನ ಊಟದ ನಂತರ ಯಾರೂ ಗದ್ದಲ ಮಾಡುವಂತಿಲ್ಲ.

ಪೂರ್ಣಿಮಾ ಬರೆದಳು: ಹೊಳೆಯ ಪಕ್ಕದ್ದೇ ಬೇಕು. ಒಂದು ಸಣ್ಣ ಟೆಂಟು. ಮೂರು ಜನ. ನಾಯಿ ಇಲ್ಲ.

ತನ್ನ ಪಗಾರದಲ್ಲೇ ಟಿಕೀಟು ತೆಗೆಸಿದಳು. ನೀಲಿ ಬಣ್ಣದ ದಪ್ಪ ಜಾಕೆಟ್ಟು ಕೊಂಡಳು. ಮೂವರು ಹಿಡಿಸುವ ಹಸಿರು ಟೆಂಟು ತರಿಸಿದಳು. ಮೂವರೂ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದರು, ವೀಸಾ ಆಯಿತು. ಅವರು ಊರಲ್ಲಿಲ್ಲದ ದಿನಗಳಲ್ಲಿ ಅತ್ತೆ ಬಾಳವ್ವನನ್ನು ಅನಿಕೇತ ಮತ್ತು ಅವನ ಹೆಂಡತಿ ಮಾಯಾ ನೋಡಿಕೊಳ್ಳುವುದೆಂದು ಮಾತಾಯಿತು. ಎಲ್ಲ ಕೂಡಿ ಬಂತು ಎನ್ನುವಾಗ ಅಮರನ ಕಾಕಾ ಗುರುಪುತ್ರಪ್ಪನವರ ಹೊಸ ಮನೆಯ ಪೂಜೆ ಬಂತು.

ಈ ಮನೆತನಕ್ಕೆ ಒಂದು ಪದ್ಧತಿ ಇದೆ. ಊರಿಗೆ ಹೊರಟರೆ ಗಾಡಿ ತುಂಬಿಸಬೇಕು. ಸವದತ್ತಿಗೆ ಹೋಗಲಿ, ಗೋವೆಯ ಸಮುದ್ರಕ್ಕೆ ಹೋಗಲಿ, ಬಾಡಿಗೆಯ ಕ್ರೂಸರ್ ಬಾಗಿಲಿಗೆ ಬಂದು ನಿಂತ ಮೇಲೆ ಒಂದು ಸೀಟು ಖಾಲಿ ಉಳಿದರೆ ಅದು ಅಪಶಕುನ. ಕಂಪೌಂಡಿನ ಮೇಲಿಂದ ಕೂಗಿ ಯಾರನ್ನಾದರೂ ಕೂರಿಸಿಕೊಳ್ಳಲೇಬೇಕು. ಮಾವ ಬದುಕಿದ್ದಾಗ ಒಮ್ಮೆ ಹಾಲು ಹಾಕಲು ಬಂದವನನ್ನೇ ಎಮ್ಮೆಯ ಚಿಂತೆ ಬಿಡಿಸಿ ಕೊಲ್ಲಾಪುರಕ್ಕೆ ಎಳೆದೊಯ್ದಿದ್ದರು. ಕೂಡಿ ಹೋಗುವುದು ಒಳ್ಳೆಯದೇ, ಪೂರ್ಣಿಮಾ ಅಲ್ಲ ಅನ್ನಲಿಲ್ಲ. ಆದರೆ ಗಾಡಿ ತುಂಬಿಸುವವರು ಗಂಡಸರು, ತುಂಬಿದವರಿಗೆ ಬುತ್ತಿ ಕಟ್ಟುವವರು ಹೆಂಗಸರು. ಅದನ್ನು ಯಾರೂ ಪದ್ಧತಿ ಎಂದು ಕರೆದದ್ದಿಲ್ಲ.

ಪೂಜೆಯ ಮನೆಯಲ್ಲಿ ಅಮರ ಮೂರೂ ಪಾಸ್‌ಪೋರ್ಟನ್ನು ಅಂಗಿಯ ಕಿಸೆಯಿಂದ ತೆಗೆದು ತೋರಿಸಿದ. ಯಾಕೆ ಒಯ್ದಿದ್ದನೋ ಆ ಬಸವಣ್ಣನೇ ಬಲ್ಲ.

“ಮೂರಽ ಮಂದಿ?” ಎಂದರು ಗುರುಪುತ್ರಪ್ಪ, ಬುಂದೆ ಉಂಡಿ ಮುರಿಯುತ್ತ. “ಅಷ್ಟ ದೂರ ಮೂರಽ ಮಂದಿ ಹೋಗೂದೇನೋ ಅಮರ್ಯಾ, ದಿಕ್ಕಿಲ್ಲದವರಂಗ?”

“ನೀವೂ ಬರ್ರಿ ಕಾಕಾ. ಅದಕ್ಕೇನ” ಅಂದ ಅಮರ.

ಪೂರ್ಣಿಮಾ ಪಂಕ್ತಿಗೆ ಅನ್ನ ಬಡಿಸುತ್ತಿದ್ದಳು. ಸೌಟು ಬುಟ್ಟಿಯಲ್ಲೇ ನಿಂತಿತು.

“ಕಾಕಾ ಬಂದ್ರ ನಾವೇನ್ ಪಾಪ ಮಾಡೀವಿ?” ಎಂದು ಅನಿಕೇತ ನಕ್ಕ.

“ನೀವೂ ಬರ್ರಿ. ಗಾಡಿ ಹೆಂಗೂ ಬಾಡಗಿಗೆ ತಗೊಳ್ಳಾಕಬೇಕು. ದೊಡ್ಡದಽ ತಗೊಳ್ಳೂಣು.”

ಅಲ್ಲಿಂದ ಅವಳ ಹೊಳೆ ಬತ್ತುತ್ತ ಹೋಯಿತು. ಮಾಯಾಗೆ ಸ್ವಿಟ್ಜರ್ಲೆಂಡ್ ಬೇಕು, ಅಷ್ಟು ದೂರ ಹೋಗಿ ನೋಡದೆ ಬಂದರೆ ಮಹಿಳಾ ಮಂಡಳದಲ್ಲಿ ಮುಖ ಹೇಗೆ ತೋರಿಸುವುದು. ಅವಳ ಮಗಳು ಸಮೃದ್ಧಿಗೆ ಹಿಮ ಬೇಕು. ಅನಿಕೇತನಿಗೆ ಕಾರಿನ ಕಾರ್ಖಾನೆ. ಕಾಕಾನಿಗೆ ಬೆಳಗಿನ ಲಿಂಗಪೂಜೆಗೆ ಬಿಸಿನೀರು, ನೆಲದ ಮೇಲೆ ಮಲಗಿದರೆ ಸೊಂಟ ಹಿಡಿಯುತ್ತದಾದ್ದರಿಂದ ಮಂಚ. “ಟೆಂಟಿನ್ಯಾಗ ಮಂಚ ಇರತೈತಿಲ್ಲೋ? ಇಲ್ಲಂದ್ರ ಹೋಟೆಲ್ ಹಿಡೀರಿ. ಹೊಳಿ ಏನ್ ನೋಡೂದೈತಿ, ಮಲಪ್ರಭಾ ಇಲ್ಲೇನು?” ವಾರದ ಬಿಡಾರ ನಾಲ್ಕು ದಿನಕ್ಕಿಳಿಯಿತು. ನಾಲ್ಕು ಎರಡಾಯಿತು. ಎರಡು ಒಂದು ರಾತ್ರಿಯಾಯಿತು. ಒಂದು ಸಂಜೆ ಅಮರ ಚಹಾ ಕುಡಿಯುತ್ತ ಹೇಳಿದ: “ಆ ಮುದಕಿಗೆ ಬರೀ. ಇಷ್ಟ ಮಂದಿ ಆಗ್ತೀವಿ, ದೊಡ್ಡ ಜಾಗ ಕೊಡು ಅಂತ. ನಿನಗಽ ಆಕೀ ಕೂಡ ರೂಢಿ ಐತಲ್ಲ.”

ಪೂರ್ಣಿಮಾ ಹಲ್ಲು ಕಚ್ಚಿಕೊಂಡು ಬರೆದಳು. ಉತ್ತರ ಬಂತು: ಅಷ್ಟು ಜನರಿಗೆ ಹೊಳೆಯ ಪಕ್ಕ ಜಾಗವಿಲ್ಲ. ಹಿಂದೆ ವಾಹನ ನಿಲ್ಲಿಸುವ ಕಡೆ ಹುಲ್ಲುಗಾವಲಿದೆ, ಅಲ್ಲಿ ಆದೀತು. ನಿಮ್ಮ ಮೊದಲಿನ ಜಾಗ ಬಿಟ್ಟುಬಿಡಲೇ?

ಆ ಪ್ರಶ್ನೆಗೆ ಪೂರ್ಣಿಮಾ ಉತ್ತರ ಕೊಡಲಿಲ್ಲ. ಬೇರೆಯವರ ಡಬ್ಬಿ ಕಟ್ಟಿ ಕಟ್ಟಿ ಸವೆದ ಬೆರಳುಗಳು ಅದೊಂದನ್ನು ಮಾತ್ರ ಬರೆಯಲು ಒಲ್ಲೆ ಅಂದವು.

ಸಾಕ್ಷಿಯ ಪರೀಕ್ಷೆ ಮುಗಿದ ಮೇಲಿನ ಭಾನುವಾರ, ತಾಯಿ ಮಗಳು ಟೆಂಟನ್ನು ಒಮ್ಮೆ ಹಾಕಿ ಕಲಿತುಕೊಳ್ಳೋಣವೆಂದು ಖಾನಾಪುರಕ್ಕೆ ರೈಲಿನಲ್ಲಿ ಹೊರಡುವವರಿದ್ದರು. ಸಾತವ್ವನ ಮನೆಯಿಂದ ಮಲಪ್ರಭೆಯ ದಂಡೆ ಕೂಗಳತೆ. ಇಬ್ಬರೇ, ಒಂದು ಚೀಲ, ಒಂದು ಬುತ್ತಿ. ಬೆಳಗಾಗುವಷ್ಟರಲ್ಲಿ ಬಾಗಿಲಲ್ಲಿ ಕ್ರೂಸರ್ ನಿಂತಿತ್ತು.

“ರೈಲಿನ್ಯಾಗ ಯಾಕ ಹೋಗ್ತೀರಿ? ಎಲ್ಲಾರೂ ಹೋಗೂಣು” ಎಂದ ಅಮರ, ದೊಡ್ಡ ಉಪಕಾರ ಮಾಡಿದವನ ಮುಖ ಹೊತ್ತು. “ಕಾಕಾನೂ ಬರಾಕತ್ತಾರ. ಒಂದೀಟು ರೊಟ್ಟಿ ಹೆಚ್ಚು ಬಡಿ.”

ಒಂದೀಟು! ಸೂರ್ಯ ಮೇಲೇರುವ ತನಕ ಪೂರ್ಣಿಮಾ ರೊಟ್ಟಿ ಬಡಿದಳು. ಪ್ರತಿ ರೊಟ್ಟಿಗೂ ಕಟ್ಟಿಗೆಯ ಕೊಣಮಿಗೆಯ ಮೇಲೆ ಬೀಳುವ ಏಟಿನಲ್ಲಿ ಏನಿತ್ತೆಂದು ಕೇಳುವ ಕಿವಿ ಆ ಮನೆಯಲ್ಲಿ ಒಂದೇ ಇತ್ತು. ಬಾಳವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತ ಹೇಳಿದಳು: “ಸಾವಕಾಶ, ಪೂರ್ಣಿಮಾ. ಹಿಟ್ಟು ಏನ್ ತಪ್ಪ ಮಾಡೇತಿ?”

ಖಾನಾಪುರದಲ್ಲಿ ಹೊಳೆ ಬೇಸಿಗೆಯ ಹೊಳೆಯೇ ಆಗಿತ್ತು. ಬಂಡೆಗಳ ನಡುವೆ ಮಡು, ಮಡುವಿನಿಂದ ಮಡುವಿಗೆ ಎಳೆ ಎಳೆ ನೀರು. ಸಾಕ್ಷಿ ಮತ್ತು ಪೂರ್ಣಿಮಾ ಕೂಡಿ ಟೆಂಟು ನಿಲ್ಲಿಸಿದರು. ಎರಡು ಸಲ ಒಂದು ಕಡೆ ವಾಲಿತು, ಮೂರನೆಯ ಸಲ ನಿಂತಿತು. ಗೂಟಗಳನ್ನು ಬಡಿಯಲು ಕಲ್ಲು ಬೇಕಾಯಿತು. ಉಳಿದವರು ಫೋಟೋ ತೆಗೆದುಕೊಂಡರು. ಅನಿಕೇತ ಟೆಂಟಿನ ಮುಂದೆ ಕರಿಯ ಕನ್ನಡಕ ಹಾಕಿ ನಿಂತ. ಸಮೃದ್ಧಿ ಒಳಗೆ ಹೊರಗೆ ಹನ್ನೆರಡು ಸಲ ಓಡಾಡಿದಳು. ಸಾತವ್ವ ಮನೆಯಿಂದ ಮೊಸರಿನ ಗಡಿಗೆ ತಂದಳು. ಬೀಗತಿಯರಿಬ್ಬರೂ ಹೊಂಗೆಯ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

“ಅಳಿಯಪ್ಪ ಎಲ್ಲಾರ್ನೂ ಕರಕೊಂಡು ಹೊಂಟಾನಂತಲ್ರಿ” ಎಂದಳು ಸಾತವ್ವ.

“ಹೌದಂತ್ರಿ. ಓಣಿ ನಾಯಿ ಒಂದು ಉಳದೈತಿ” ಎಂದಳು ಬಾಳವ್ವ.

ಊಟವಾಯಿತು. ರೊಟ್ಟಿ, ಝುಣಕ, ಎಣ್ಣೆಗಾಯಿ, ಮೊಸರನ್ನ. ಗುರುಪುತ್ರಪ್ಪ ತೇಗಿ, ತಲೆಗೆ ಟವೆಲು ಸುತ್ತಿಕೊಂಡು ಟೆಂಟಿನೊಳಗೆ ಹೊಕ್ಕರು. ಕಾಲು ಹೊರಗೆ ಉಳಿದವು, ಗೊರಕೆ ಒಳಗೆ ಶುರುವಾಯಿತು. ಪೂರ್ಣಿಮಾ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ತಾಟು ತಿಕ್ಕುತ್ತಿದ್ದಳು. ಪಕ್ಕಕ್ಕೆ ಬಂದು ಮಾಯಾ ಒಂದು ತಾಟು ಎತ್ತಿಕೊಂಡು ತೊಳೆಯುವಂತೆ ಮಾಡಿದಳು.

“ವೈನಿ, ನಿಮ್ಮ ಆ ನೀಲಿ ಜಾಕೆಟ್ ನನಗ ಕೊಡ್ತೀರಿಲ್ಲ? ಹೆಂಗೂ ನೀವು ಬರೂದಿಲ್ಲ. ಸುಮ್ನ ಕಪಾಟಿನ್ಯಾಗ ಬೀಳತೈತಿ.”

“ಯಾರು ಬರೂದಿಲ್ಲ?”

ಮಾಯಾಳ ಕೈ ನಿಂತಿತು. “ಅಲ್ರಿ... ನೀವು. ಅತ್ತಿಯವರ ಹಂತ್ಯಾಕ ಒಬ್ಬರು ಇರಬೇಕಲ್ರಿ. ನೀವಽ ಇರ್ತೀನಿ ಅಂದೀರಿ ಅಂತ ಭಾವಾರು ಹೇಳಿದ್ರು. ‘ಆಕೀಗೆ ಮನಸ್ಸಿಲ್ಲ, ಆಕೀನಽ ಒಲ್ಲೆ ಅಂದ್ಲು’ ಅಂತ. ನಾ ಅಂದೆ ಪಾಪ, ವೈನಿ ಎಷ್ಟ ದೊಡ್ಡ ಮನಸ್ಸಿನವರು...” ಅವಳ ಮುಖ ಕೆಂಪಾಯಿತು. “ನಿಮಗ ಹೇಳಿಲ್ಲೇನ್ರಿ?”

ಪೂರ್ಣಿಮಾ ತಾಟನ್ನು ಕಲ್ಲಿನ ಮೇಲೆ ಇಟ್ಟಳು. ಮೆಲ್ಲಗೆ ಇಟ್ಟಳು, ಏಕೆಂದರೆ ಎಸೆಯಬೇಕೆನಿಸಿತ್ತು. ಹೊಟ್ಟೆಯಲ್ಲಿ ಶೇಗಡಿ ಇಟ್ಟಂತಾಯಿತು. ಹದಿನಾರು ವರ್ಷದ ಹಿಂದೆ ಹೊರಸಿನ ಕೆಳಗಿದ್ದ ಅದೇ ಕೆಂಡ, ಯಾರೋ ಈಗ ಊದಿದರು. ಸೀಟು ಹೋಯಿತೆಂಬುದಲ್ಲ. ತನ್ನ ಬಾಯಿಂದ ಬಾರದ ‘ಒಲ್ಲೆ’ಯನ್ನು ತನ್ನ ಹೆಸರಲ್ಲಿ ಹಂಚಿ ಬಂದಿದ್ದಾನಲ್ಲ! ಮೂವರೇ ಎಂದು ಮಾತು ಕೊಟ್ಟು, ಊರನ್ನೆಲ್ಲ ತುಂಬಿಸಿ, ಕೊನೆಗೆ ಮಾತು ಇಸಗೊಂಡವಳನ್ನೇ ಗಾಡಿಯಿಂದ ಇಳಿಸಿದ್ದಾನಲ್ಲ!

ಅಮರ ಪ್ಯಾಂಟು ಮಡಚಿಕೊಂಡು ತಮ್ಮನ ಜೊತೆ ಮೊಣಕಾಲು ನೀರಿನಲ್ಲಿ ನಿಂತಿದ್ದ.

“ನಾ ಬರೂದಿಲ್ಲ ಅಂತ ಯಾರ್ರಿ ಹೇಳಿದ್ದು?”

ಅವನು ಹೆಂಡತಿಯ ಮುಖ ನೋಡಿ ನೀರು ನೋಡಿದ. “ನಿನಗ ಹೇಳಾಂವ ಇದ್ದೆ.”

“ಯಾವಾಗ? ವಿಮಾನ ಹತ್ತಿದ ಮ್ಯಾಲೆ?”

“ಪೂರ್ಣಿ, ಅವ್ವನ್ನ ಒಬ್ಬಾಕಿನ್ನ ಬಿಡಾಕ ಬರತೈತೇನು? ಮಾಯಾನೂ ಹೊಂಟಾಳ. ಮನ್ಯಾಗ ಒಬ್ಬರು ಹೆಣ್ಮಕ್ಕಳು ಬೇಕಲ್ಲ. ನೀ ತಿಳಿದಾಕಿ. ಮುಂದಿನ ವರ್ಷ ನಾವಽ—”

ತಿಳಿದಾಕಿ! ಮದುವೆಯಾದಾಗಿನಿಂದ ಈ ಮಾತು ಬಂದಾಗಲೆಲ್ಲ ಪೂರ್ಣಿಮಾಳ ಕೈಯಿಂದ ಏನಾದರೊಂದು ಹೋಗಿದೆ. ಮೈದುನನ ಮದುವೆಗೆ ಅವಳ ಕೈಯ ಬಂಗಾರದ ಪಾಟಲಿ ಹೋದವು. ಮಾಳಿಗೆಯ ಮೇಲಿನ ಗಾಳಿಯ ಕೋಣೆ ಹೋಯಿತು. ತಿಳಿವಳಿಕೆ ಇಲ್ಲದವಳಾಗಿದ್ದರೆ ಇಷ್ಟು ಹೊತ್ತಿಗೆ ಜಗತ್ತೇ ಸುತ್ತಿ ಬರುತ್ತಿದ್ದಳು.

“ಟಿಕೀಟು ದಂಡ ಆಗೂದಿಲ್ರಿ ವೈನಿ” ಎಂದು ಅನಿಕೇತ ಸಮಾಧಾನ ಹೇಳಲು ಬಂದ. “ನಿಮ್ಮದನ್ನ ಮಾಯಾನ ಹೆಸರಿಗೆ ಮಾಡಿ ಕೊಡು ಅಂತ ಅಣ್ಣ ಏಜೆಂಟಗ ಹೇಳ್ಯಾನ.”

“ಅನಿಕೇತ ಕಾಕಾ, ಅದು ವಿಮಾನ” ಎಂದಳು ಸಾಕ್ಷಿ, ಬಂಡೆಯ ಮೇಲಿಂದ. “ಧಾರವಾಡದ ಬಸ್ ಅಲ್ಲ.”

“ನೀ ಸುಮ್ನಿರ” ಎಂದು ಅಮರ ಮಗಳ ಮೇಲೆ ಹರಿಹಾಯ್ದ. ಹೆಂಡತಿಗೆ ದನಿ ತಗ್ಗಿಸಿ ಹೇಳಿದ: “ಇಲ್ಲಿ ಬ್ಯಾಡ. ಮಂದಿ ಅದಾರ. ಮನಿಗೆ ಹೋಗಿ ಮಾತಾಡೂಣು.”

“ಮಂದೀನ್ನ ತುಂಬಕೊಂಡು ಬಂದವರು ನೀವು.”

ಅವಳು ಹಿಂದಿರುಗಿ ನಡೆದಳು. ನೇರ ಟೆಂಟಿನ ಹತ್ತಿರ ಬಂದು ಮೊದಲ ಗೂಟ ಕಿತ್ತಳು. ಮೂಲೆ ಸಡಿಲಾಯಿತು. ಎರಡನೆಯದು ಕಲ್ಲಿನ ಸಂದಿನಲ್ಲಿ ಸಿಕ್ಕಿತ್ತು, ಎರಡೂ ಕೈಯಿಂದ ಜಗ್ಗಿದಳು. ಮೂರನೆಯದನ್ನು ಸಾಕ್ಷಿ ಬಂದು ಕಿತ್ತಳು, ಯಾರೂ ಹೇಳದೆ. ಹಸಿರು ಬಟ್ಟೆ ಉಸ್ಸೆಂದು ಕೆಳಗೆ ಕೂತಿತು, ಗುರುಪುತ್ರಪ್ಪನವರ ಹೊಟ್ಟೆಯ ಆಕಾರವನ್ನು ಚೆನ್ನಾಗಿ ತೋರಿಸುತ್ತ.

“ಏ! ಏ ಯಾವನಲೇ ಅಂವಾ!” ಬಟ್ಟೆಯೊಳಗಿಂದ ಕೂಗು ಬಂತು. “ಅಮರ್ಯಾ! ಛತ್ತ ಬಿತ್ತೋ!”

“ಕಾಕಾ ಅದಾರ ಒಳಗ!” ಎಂದು ಅಮರ ನೀರು ಹಾರಿಸುತ್ತ ಓಡಿ ಬಂದ.

“ಗೊತ್ತೈತಿ” ಎಂದಳು ಪೂರ್ಣಿಮಾ, ನಾಲ್ಕನೆಯ ಗೂಟ ಕೀಳುತ್ತ. “ಕಾಕಾರ, ಹೊರಗ ಬರ್ರಿ. ಇದು ಮೂವರ ಟೆಂಟು. ನಿಮಗ ಮಂಚದ್ದು ಬೇರೆ ನೋಡಿಕೊಳ್ರಿ.”

ಕಾಕಾ ನಾಲ್ಕು ಕಾಲಿನ ಮೇಲೆ ಹೊರಬಂದರು. ಟವೆಲು ಕೊರಳಿಗೆ ಸುತ್ತಿಕೊಂಡಿತ್ತು. “ಏನಿದು, ಹೆಣ್ಮಕ್ಕಳ ಕೈಯಾಗ ಇಂಥಾದ್ದು? ನಮ್ಮ ಮನೆತನದಾಗ ಯಾರರ ಒಬ್ಬರಽ ಹೋದದ್ದು ಐತೇನು? ಕೂಡಿ ಹೋಗೂದು, ಕೂಡಿ ಬರೂದು. ಒಬ್ಬಾಕಿ ಹಿಂದ ಉಳದ್ರ ಏನಾತು? ಹಿರೇ ಸೊಸಿ. ಬಾಳವ್ವ ವೈನಿಗೆ ಕಾಲ ನೋವು. ಅವರಽ ಅಂದಾರಲ್ಲ, ಪೂರ್ಣಿಮಾ ಇಲ್ಲದ ನಡಿಯೂದಿಲ್ಲ ಅಂತ.”

ಹೊಂಗೆಯ ನೆರಳಿನಲ್ಲಿ ಕುರ್ಚಿ ಸರಿದ ಸಪ್ಪಳವಾಯಿತು. ಬಾಳವ್ವ ಎದ್ದು ನಿಂತಿದ್ದಳು. ಕೋಲಿಲ್ಲ, ಯಾರ ಕೈಯೂ ಇಲ್ಲ. ಉಸುಕಿನಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು ನಡೆದು ಬಂದಳು.

“ಯಾರಂದಾರ?”

“ನೀವಽ ಅಂದೀರಂತಲ್ಲ ವೈನಿ. ಅಮರ ಹೇಳಿದ.”

“ನನ್ನ ಯಾರು ಕೇಳ್ಯಾರ, ನಾ ಅನ್ನಾಕ?” ಬಾಳವ್ವ ಮಗನ ಕಡೆ ತಿರುಗಿದಳು. “ಯಾವಾಗ ಅಂದ್ನೋ ನಾ? ಜರ್ಮನಿ ಸುದ್ದಿ ನೀ ನನ್ನ ಮುಂದ ಒಂದ ಸಲ ಎತ್ತಿದಿ ಏನು? ಆಕೀಗೆ ನನ್ನ ಹೆಸರು ಹೇಳಿದಿ. ಮಂದೀಗೆ ಆಕೀ ಹೆಸರು ಹೇಳಿದಿ. ನಿನ್ನ ಹೆಸರು ಎಲ್ಲಿ ಹೇಳಿದಿ?”

“ಅವ್ವಾ, ನೀ ಅಂದಿಲ್ಲ, ಖರೇ. ಆದ್ರ ನಿನ್ನ ಕಾಲಿಗೆ...”

“ನನ್ನ ಕಾಲ ನೆಟ್ಟಗದಾವು. ನಿನ್ನ ನಾಲಿಗಿ ನೆಟ್ಟಗಿಲ್ಲ.”

ಅನಿಕೇತ ಮೇಲೆ ನೋಡಿದ. ಮಾಯಾ ತೊಳೆದ ತಾಟನ್ನೇ ಮತ್ತೆ ತೊಳೆದಳು.

“ನನ್ನ ಹಂತ್ಯಾಕ ಯಾರೂ ಇರೂದು ಬ್ಯಾಡ” ಎಂದಳು ಬಾಳವ್ವ. “ನಾ ಇಲ್ಲೇ ಇರ್ತೀನಿ, ಬೀಗತಿ ಮನ್ಯಾಗ. ಹೆಂಗ್ರಿ ಸಾತವ್ವಾರ?”

“ಇರ್ರಿ” ಎಂದಳು ಸಾತವ್ವ. “ಹೊತ್ತು ಹೋಗಾಕ ಇಬ್ಬರಿಗೂ ಬೈಯಾಕ ಒಬ್ಬಾಂವ ಅದಾನಲ್ಲ. ಮನಿಗೆ ಮಾರಿ, ಊರಿಗೆ ಉಪಕಾರಿ.” ಅಳಿಯನಿಗೆ ಮಾತು ಮುಟ್ಟಿತೋ ಇಲ್ಲವೋ ಎಂದು ಒಮ್ಮೆ ನೋಡಿ ಖಾತ್ರಿ ಮಾಡಿಕೊಂಡಳು.

ಪೂರ್ಣಿಮಾ ಟೆಂಟನ್ನು ಮಡಚುತ್ತಿದ್ದಳು. ಸಿಟ್ಟಿನಲ್ಲಿ ಮಡಿಕೆ ಸರಿ ಬರುತ್ತಿರಲಿಲ್ಲ, ಬಿಚ್ಚಿ ಮತ್ತೆ ಮಡಚಿದಳು. ಎಲ್ಲ ಚೀಲಕ್ಕೆ ತುಂಬಿ ಹಗ್ಗ ಎಳೆದು ನಿಂತಳು.

“ಈಗ ಹೇಳ್ರಿ. ಅತ್ತಿಯವರದು ಆತು. ಮೇ ತಿಂಗಳ ಟಿಕೀಟು ಐತಿ, ಮೂರು ವೀಸಾ ಅದಾವು. ಹೊಳಿ ಬಾಜೂಕಿನ ಜಾಗ ನಾ ಬಿಟ್ಟಿಲ್ಲ. ನೀವು ಬರ್ತೀರೇನು? ನೀವು, ನಾ, ಸಾಕ್ಷಿ. ಮೂರಽ ಮಂದಿ. ನಿಮ್ಮದಽ ಮಾತು.”

ಹೊಳೆ ಬಂಡೆಯ ನಡುವೆ ಸಣ್ಣಗೆ ಹರಿಯುತ್ತಿತ್ತು. ಅಮರ ಕಾಕಾನ ಮುಖ ನೋಡಿದ, ತಮ್ಮನ ಮುಖ ನೋಡಿದ. ಅನಿಕೇತನ ವೀಸಾ ಇನ್ನೂ ಆಗಿರಲಿಲ್ಲ, ಕಾಕಾನ ಪಾಸ್‌ಪೋರ್ಟು ನವೀಕರಣಕ್ಕೆ ಹೋಗಿತ್ತು. ಅಮರನ ಮುಖದಲ್ಲಿ ಆ ‘ಇಲ್ಲ’ ಮೂಡಲಿಕ್ಕೆ ಹೆಣಗಾಡುವುದನ್ನು ಪೂರ್ಣಿಮಾ ಕಂಡಳು. ಕಾಕಾನಿಗೆ ಒಂದು ‘ಇಲ್ಲ’, ತಮ್ಮನಿಗೆ ಒಂದು ‘ಇಲ್ಲ’, ಬೇಕಾದದ್ದು ಅಷ್ಟೇ.

“ಎಲ್ಲಾರಿಗೂ ಬರ್ರಿ ಅಂದೀನಿ” ಎಂದ ಅಮರ. “ಈಗ ಬಿಟ್ಟು ಹೆಂಗ ಹೋಗಲಿ? ಒಂದ್ ಸ್ವಲ್ಪ ಮುಂದ ಹಾಕೂಣು. ದೀಪಾವಳಿಗೆ ಎಲ್ಲಾರೂ ಕೂಡಿ—”

“ದೀಪಾವಳಿಗೆ ಆ ಬಯಲು ಬಾಗಲಾ ಹಾಕಿರತೈತಿ. ಚಳಿಗಾಲ ಅಲ್ಲಿ.”

“ಹಂಗಾರ ಮುಂದಿನ ವರ್ಷ.”

“ನಾ ಮುಂದ ಹಾಕೂದಿಲ್ಲ” ಎಂದಳು ಪೂರ್ಣಿಮಾ. “ನಾನೂ ಸಾಕ್ಷಿನೂ ಹೋಗ್ತೀವಿ. ಮುಂಬೈ ಬಸ್ಸು ಹೊರಡೂತನಕ ನಿಮ್ಮ ಜಾಗ ಇರತೈತಿ. ಆಮೇಲೆ ಇಲ್ಲ.”

ತಾಯಿ ಮಗಳು ಟೆಂಟಿನ ಚೀಲ ಹಿಡಿದು ಸ್ಟೇಶನ್ನಿನ ಕಡೆ ನಡೆದರು. ಲೋಂಡಾ ಕಡೆಯಿಂದ ಬೆಳಗಾವಿಗೆ ಹೋಗುವ ರೈಲಿಗೆ ಇನ್ನೂ ಹೊತ್ತಿತ್ತು. ಆ ದಿನ ಕ್ರೂಸರ್ ಮೂರು ಸೀಟು ಖಾಲಿ ಇಟ್ಟುಕೊಂಡು ಬೆಳಗಾವಿಗೆ ಮರಳಿತು, ಬಾಳವ್ವ ಕೂಡ ಅಂದೇ ಬೀಗತಿಯ ಮನೆಯಲ್ಲಿ ಉಳಿದಿದ್ದಳು.

ಮುಂದಿನ ವಾರಗಳಲ್ಲಿ ಮನೆ ಎರಡು ಪಕ್ಷವಾಯಿತು. ಕಾಕಾ ಓಣಿಯಲ್ಲಿ ‘ಮನಿ ಮುರಕಿ’ ಎಂದರು. ಪೂರ್ಣಿಮಾಗೆ ಅದು ಅಡುಗೆಮನೆಯ ಕಿಟಕಿಯಿಂದ ಕೇಳಿಸಿತು. ಕುಕ್ಕರಿನ ಸೀಟಿ ಹೆಚ್ಚು ಮಾಡಿದಳು. ಮಾಯಾ ಒಂದು ಭಾನುವಾರ ಮಧ್ಯಾಹ್ನ ಬಂದು, “ನನಗ ಗೊತ್ತಿರಲಿಲ್ಲರಿ ವೈನಿ, ದೇವರಾಣಿ” ಎಂದಳು. ಅದು ಖರೇ ಎಂದು ಪೂರ್ಣಿಮಾಗೆ ಗೊತ್ತಿತ್ತು. “ಜಾಕೆಟ್ ಕೊಡೂದಿಲ್ಲ, ಉಳದದ್ದು ಏನರ ಕೇಳು” ಎಂದಳು. ಇಬ್ಬರೂ ಸ್ವಲ್ಪ ನಕ್ಕರು. ಅಮರ ಮಾತ್ರ ತಪ್ಪಾಯಿತು ಅನ್ನಲಿಲ್ಲ, ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ದಿನಾ ಚಹಾ ಕುಡಿದು ಅಂಗಡಿಗೆ ಹೋದ. ಅವನ ಆ ಮೌನಕ್ಕೆ ಪೂರ್ಣಿಮಾಗೆ ಬಂದಷ್ಟು ಸಿಟ್ಟು ಅವನ ಸುಳ್ಳಿಗೂ ಬಂದಿರಲಿಲ್ಲ. ಅವಳು ಕಟಕ ರೊಟ್ಟಿ ಒಣಗಿಸಿದಳು, ಶೇಂಗಾ ಚಟ್ನಿ ಕುಟ್ಟಿದಳು. ಮೂವರಿಗಾಗುವಷ್ಟೇ ಕುಟ್ಟಿದಳು.

ಹೊರಡುವ ಸಂಜೆ ಮುಂಬೈ ಬಸ್ಸಿನ ಹತ್ತಿರ ಅಮರ ಬಂದ. ಚೀಲಗಳನ್ನು ತಾನೇ ಹೊತ್ತು ತಂದು ಡಿಕ್ಕಿಗೆ ಹಾಕಿದ. ಅವು ತಾಯಿ ಮಗಳ ಚೀಲಗಳು. ಅವನದು ಇರಲಿಲ್ಲ.

“ಪಪ್ಪಾ, ಪಾಸ್‌ಪೋರ್ಟ್ ತಂದೀರೇನು?” ಎಂದಳು ಸಾಕ್ಷಿ. ಇನ್ನೂ ಆಸೆ ಇಟ್ಟುಕೊಂಡವಳು ಅವಳೊಬ್ಬಳೇ.

“ಕಪಾಟಿನ್ಯಾಗ ಐತಿ” ಎಂದ ಅಮರ. ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. “ಅನ್ಯಾ ಫೋನ್ ಮಾಡಾಕತ್ತಾನ. ಕಾಕಾ ಅಂಗಡಿಗೆ ಬಂದಾರಂತ. ಪೂರ್ಣಿ, ಹೋದ ಮ್ಯಾಲೆ ಫೋನ್ ಮಾಡು. ಮುಂದಿನ ಸಲ ನಾ ಖಂಡಿತ—”

“ಅನಬ್ಯಾಡ್ರಿ” ಎಂದಳು ಪೂರ್ಣಿಮಾ. “ಇನ್ನೊಂದು ಮಾತು ಇಟ್ಟುಕೊಳ್ಳಾಕ ನನ್ನ ಹತ್ರ ಜಾಗ ಇಲ್ಲ.”

ಬಸ್ಸು ಹೊರಟಿತು. ಮೂರನೆಯ ಸೀಟು ಖಾಲಿ ಇತ್ತು. ಪೂರ್ಣಿಮಾ ಅದರ ಮೇಲೆ ನೀಲಿ ಜಾಕೆಟ್ಟು ಇಟ್ಟಳು.

ರೇಗನ್ಸ್‌ಬುರ್ಗಿನ ಬಯಲಿನಲ್ಲಿ ಮುದುಕಿ ಮಾಲಕಿ ಇಬ್ಬರನ್ನೂ ನೋಡಿ ಮೂರು ಬೆರಳು ಎತ್ತಿ ತೋರಿಸಿದಳು. ಪೂರ್ಣಿಮಾ ಎರಡು ತೋರಿಸಿದಳು. ಡ್ಯಾನ್ಯೂಬ್ ತುಂಬಿ ಹರಿಯುತ್ತಿತ್ತು, ಅದರ ಸಪ್ಪಳ ಜೋರಾಗಿಯೇ ಇತ್ತು. ತಾಯಿ ಮಗಳು ಕೂಡಿ ದಂಡೆಯ ಮೇಲೆ ಟೆಂಟು ನಿಲ್ಲಿಸಿದರು. ಮೊದಲ ಸಲಕ್ಕೇ ನಿಂತಿತು. ಕರೆದುಕೊಂಡು ಬರುತ್ತೇನೆ ಎಂದವನು ಬರಲಿಲ್ಲ. ಅಮರ ಕೊಟ್ಟ ಮಾತು ಮುರಿಯಿತು.